ಎಡಸಾಲಿನ ಬೆನ್ನುಗಳು

ಜೂನ್ 4

ಅಮ್ಮಾ,

ನಾಲ್ಕು ವರ್ಷದಿಂದ ನಿನಗೆ ಹೇಳದೆ ಇಟ್ಟುಕೊಂಡಿರುವ ಒಂದು ಮಾತಿದೆ. ಕೊನೆಗಾಲದಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜನ ಬೆನ್ನನ್ನು ನಾನು ತಿಕ್ಕಿದ್ದೆ.

ನೀನು ಡ್ಯೂಟಿಗೆ ಹೋಗುವಾಗ ಸ್ಪಿರಿಟ್ ಬಾಟಲಿಯನ್ನೂ ಪೌಡರ್ ಡಬ್ಬಿಯನ್ನೂ ಕಿಟಕಿಯ ಮೇಲಿಟ್ಟು, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ತಿಕ್ಕು ಎಂದಿದ್ದೆ. ನಾನು ದಿನಕ್ಕೆ ಆರು ಸಲ ತಿಕ್ಕುತ್ತಿದ್ದೆ. ಬಾಲಮೂಳೆಯ ಹತ್ತಿರ ಕೆಂಪು ಕಂಡಿತ್ತು, ನಿನ್ನ ಕಣ್ಣಿಗೆ ಬೀಳುವ ಮೊದಲೇ ಹೋಗಲಿ ಎಂದು. ಹೋಗಲಿಲ್ಲ, ಬಾಯಿ ಬಿಟ್ಟಿತು. ಅವತ್ತು ಮನೆ ತುಂಬ ನೆಂಟರು. ಅತ್ತೆ ಎಲ್ಲರಿಗೂ ಕೇಳುವ ಹಾಗೆ "ನರ್ಸಮ್ಮನ ಮನೇಲೇ ಬೆನ್ನು ಹುಣ್ಣಾ?" ಎಂದಳು. ನೀನು ನನ್ನ ಕಡೆ ತಿರುಗಿ, "ಇವಳು ತಿಕ್ಕಿರಲ್ಲ. ಕಾಲಿಗೆ ಚಕ್ರ ಕಟ್ಕೊಂಡು ಎಲ್ಲೋ ಸುತ್ತೋಕೆ ಹೋಗಿರ್ತಾಳೆ. ಅಲ್ವೇನೇ?" ಎಂದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು "ಹೂಂ" ಎಂದೆ.

ಸುಳ್ಳು ನನಗೆ ಒಗ್ಗುವುದಿಲ್ಲ, ನಿನಗೇ ಗೊತ್ತು. ಶಾಲೆ ಬಿಡುವಾಗ ಕೂಡ ಹೊಟ್ಟೆನೋವು, ತಲೆನೋವು ಎಂದು ನೆಪ ಹೇಳಲಿಲ್ಲ. ಬೆಂಚಿನ ಮೇಲೆ ಕೂರಲು ನನ್ನಿಂದಾಗುವುದಿಲ್ಲ ಎಂದು ಹೆಡ್‌ಮಾಸ್ಟರ ಎದುರಿಗೇ ಹೇಳಿ ಬಂದವಳು ನಾನು. ನಿನಗೆ ಹೇಳಿದ ಸುಳ್ಳು ಆ ಒಂದು ಹೂಂ ಮಾತ್ರ.

ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ನಮ್ಮ ವಾರ್ಡಿಗೆ ಹೊಸಬರೊಬ್ಬರು ಬಂದಿದ್ದಾರೆ. ಅವರೂ ನರ್ಸೇ, ಆದರೆ ಯೂನಿಫಾರ್ಮ್ ಇಲ್ಲ. ನರ್ಸಿಂಗ್ ಕಾಲೇಜಿನಿಂದ ಸಂಶೋಧನೆಗೆ ಬಂದದ್ದಂತೆ. ಜೇಬಿನಲ್ಲಿ ಯಾವಾಗಲೂ ಒಂದು ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲಿನ ತುಂಡು ಇರುತ್ತದೆ. ನಾವು ಆಯಾಗಳು ಅವರಿಗೆ ಸ್ಕೇಲ್ ಸಿಸ್ಟರ್ ಎಂದು ಹೆಸರಿಟ್ಟಿದ್ದೇವೆ. ದಿನಾ ಬೆಳಿಗ್ಗೆ ಬಂದು ಇಪ್ಪತ್ತನಾಲ್ಕು ಬೆನ್ನುಗಳನ್ನೂ ನೋಡುತ್ತಾರೆ. ಕೆಂಪಗಿರುವ ಕಡೆ ಸ್ಕೇಲಿನಿಂದ ಒತ್ತಿ, ಒಂದು, ಎರಡು, ಮೂರು ಎಂದು ಎಣಿಸಿ, ನೀಲಿ ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಳ್ಳುತ್ತಾರೆ. ಏನು ಹಾಕಿದರು ಎಂದು ಯಾರಿಗೂ ಬಾಯಿ ಬಿಡುವುದಿಲ್ಲ.

ಅವರ ಕಟ್ಟಳೆ ಕೇಳು. ಬಲಸಾಲಿನ ಹನ್ನೆರಡು ಮಂಚಗಳಿಗೆ ಎಂದಿನಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಸ್ಪಿರಿಟ್ ಪೌಡರ್ ಹಾಕಿ ತಿಕ್ಕುವುದು. ಎಡಸಾಲಿನ ಹನ್ನೆರಡಕ್ಕೆ ಮಗ್ಗುಲು ಬದಲಿಸುವುದಷ್ಟೇ, ತಿಕ್ಕುವಂತಿಲ್ಲ. ಎಲ್ಲರ ಮನೆಯವರಿಂದಲೂ ಸಹಿ ಹಾಕಿಸಿಕೊಂಡಿದ್ದಾರೆ. ನಮ್ಮವರಿಗೆಲ್ಲ ಅನುಮಾನ. ತಿಕ್ಕುವ ಕೆಲಸವೇ ದಂಡ ಎಂದು ತೋರಿಸಿ ನಮ್ಮಲ್ಲಿ ಅರ್ಧ ಜನರನ್ನು ಮನೆಗೆ ಕಳಿಸುವ ಹುನ್ನಾರ ಇದು ಎಂದು ಹಳೇ ಆಯಾ ಹೇಳುತ್ತಾಳೆ. ನನಗೂ ಹಾಗೇ ಕಾಣುತ್ತದೆ.

ನಿನ್ನೆ ಅವರು ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದರು: "ದಿನಾ ತಪ್ಪದೆ ತಿಕ್ಕಿಯೂ ಹುಣ್ಣಾಗಿದ್ದನ್ನ ನೋಡಿದೀಯಾ?" ನಾನು ಇಲ್ಲ ಎಂದೆ. ಮೊದಲ ಸುಳ್ಳನ್ನು ಉಳಿಸಿಕೊಳ್ಳಲು ಎರಡನೆಯದು.

ತಿಕ್ಕಿಯೂ ಹುಣ್ಣಾಗುತ್ತದೆಯೇ ಅಮ್ಮಾ? ಇಪ್ಪತ್ತೇಳು ವರ್ಷ ನರ್ಸ್ ಆಗಿದ್ದವಳು ನೀನು. ನಿನ್ನನ್ನು ಬಿಟ್ಟು ಯಾರನ್ನು ಕೇಳಲಿ? ಫೋನಿನಲ್ಲಿ ಕೇಳಬಹುದಿತ್ತು, ಆದರೆ ದೊಡ್ಡಮ್ಮನ ಸೊಂಟ ಮುರಿದಿದ್ದರೂ ಕಿವಿ ಚುರುಕಾಗಿದೆ. ಅವಳ ಮಂಚದ ಪಕ್ಕದಲ್ಲೇ ನಿಂತು ನೀನು ನಿಜ ಹೇಳಲಾರೆ. ಅದಕ್ಕೇ ಪತ್ರ.

ನಿನ್ನ ಬುಗುರಿ


ಜೂನ್ 15

ಬುಗುರಿ,

ಪತ್ರ ಬಂತು. ನಿನ್ನ ಅಕ್ಷರ ಇನ್ನೂ ಕಾಗೆಕಾಲು ಗುಬ್ಬಿಕಾಲೇ.

ದೊಡ್ಡಮ್ಮ ಚೆನ್ನಾಗಿದ್ದಾಳೆ. ಬಾಯಿ ಒಂದು ನಿಮಿಷ ಸುಮ್ಮನಿರುವುದಿಲ್ಲ. ಮಲಗಿದಲ್ಲಿಂದಲೇ ಒಲೆಯ ಮೇಲಿನ ಹಾಲು ಉಕ್ಕುವುದು ಅವಳಿಗೆ ನನಗಿಂತ ಮೊದಲು ಗೊತ್ತಾಗುತ್ತದೆ. ಮಗ್ಗುಲು ತಿರುಗಿಸಲು ಪಕ್ಕದ ಮನೆಯ ದರ್ಜಿಯ ಹೆಂಡತಿ ಬಂದು ಕೈ ಕೊಡುತ್ತಾಳೆ, ಬಿಡುವಾದಾಗ. ನಾನು ದಿನಕ್ಕೆ ಮೂರು ಸಲ ತಿಕ್ಕುತ್ತೇನೆ. ಮೈಮೇಲೆ ಒಂದು ಗೀರೂ ಇಲ್ಲ.

ಪುಸ್ತಕ ಹಿಡಿದು ವಾರ್ಡಿಗೆ ಬಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಒಬ್ಬ ಬಂದು ನಾವು ದಿನಕ್ಕೆ ಎಷ್ಟು ಹೆಜ್ಜೆ ನಡೆಯುತ್ತೇವೆ ಎಂದು ಎಣಿಸಿದ. ನಮ್ಮ ಕಷ್ಟ ಇವನಿಗಾದರೂ ಅರ್ಥವಾಯಿತಲ್ಲ ಎಂದುಕೊಂಡೆವು. ಮುಂದಿನ ತಿಂಗಳು, ನಾವು ಕೂರುವುದೇ ಹೆಚ್ಚಾಯಿತು ಎಂದು, ಡ್ಯೂಟಿ ರೂಮಿನ ಎರಡು ಕುರ್ಚಿ ಎತ್ತಿಕೊಂಡು ಹೋದರು. ಈ ಹೆಂಗಸನ್ನು ಯಾರು ಕಳಿಸಿದ್ದಾರೆ, ಏನು ಬರೆದುಕೊಳ್ಳುತ್ತಿದ್ದಾಳೆ, ಮೊದಲು ತಿಳಿದುಕೋ. ಅವಳೆದುರು ಬಾಯಿ ಬಿಗಿಹಿಡಿ.

ಕೈಯಿದ್ದೂ ಮುಟ್ಟದೆ ಬಿಡುವುದನ್ನು ನನಗೆ ಯಾರೂ ಕಲಿಸಲಿಲ್ಲ. ಆ ಎಡಸಾಲಿನವರು ಯಾರಿಗೆ ಏನು ಅನ್ಯಾಯ ಮಾಡಿದ್ದರು? ನೀನು ನನ್ನ ಮಗಳು. ಇನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಮ್ಮ


ಜುಲೈ 2

ಅಮ್ಮಾ,

ನಾನು ಕೇಳಿದ್ದಕ್ಕೆ ನೀನು ಉತ್ತರ ಬರೆಯಲಿಲ್ಲ. ಎರಡು ಸಲ ಓದಿದೆ. ಹಾಳೆ ತಿರುಗಿಸಿ ಹಿಂದೆಯೂ ನೋಡಿದೆ.

ನೀನು ಬಿಡಿಸಿ ಹೇಳದಿದ್ದದ್ದು ಮಾತ್ರ ಅರ್ಥವಾಯಿತು. ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುವಾಗ ಸಿಸ್ಟರುಗಳೆಲ್ಲ ಮೇಜಿನ ಸುತ್ತ ಸೇರುತ್ತಾರೆ. ಆ ಇಪ್ಪತ್ತು ನಿಮಿಷ ಎಡಸಾಲಿನ ಕೊನೆಯಲ್ಲಿ ಪರದೆ ಎಳೆದುಕೊಂಡು ಒಂಬತ್ತು, ಹತ್ತು, ಹನ್ನೊಂದು ಈ ಮೂರು ಮಂಚದವರನ್ನು ತಿಕ್ಕುತ್ತಿದ್ದೇನೆ. ಇವತ್ತಿಗೆ ಹನ್ನೆರಡು ದಿನ. ಹನ್ನೆರಡನೆಯ ಮಂಚ ಮೇಜಿಗೆ ನೇರವಾಗಿ ಕಾಣುತ್ತದೆ, ಅಲ್ಲಿ ಆಗುವುದಿಲ್ಲ.

ಒಂಬತ್ತನೆಯ ಮಂಚದಲ್ಲಿರುವುದು ಲಾರಿ ಡ್ರೈವರ್. ನಾನು ಡ್ರೈವರ್ ಮಾವ ಎನ್ನುತ್ತೇನೆ. ಒಂದು ಮಗ್ಗುಲು ಸ್ವಾಧೀನವಿಲ್ಲ, ಇನ್ನೊಂದು ಮಗ್ಗುಲಿನಲ್ಲಿ ಊರ ಸುದ್ದಿಯೆಲ್ಲ ಇದೆ. ನಾನು ಕೈ ಹಾಕಿದರೆ ಹಳೇ ಗಾಡಿಗೆ ಎಣ್ಣೆ ಬಿಟ್ಟ ಹಾಗಾಗುತ್ತದಂತೆ. ಬಲಸಾಲಿನವರಿಗೆ ಮಾತ್ರ ಸರ್ವಿಸು, ನಮಗೆ ಯಾಕಿಲ್ಲ ಎಂದು ಮೊದಲಿನಿಂದಲೂ ಗೊಣಗುತ್ತಿದ್ದ. ಈಗ ನನ್ನ ಗುಟ್ಟು ಕಾಯುತ್ತಾನೆ. ಯಾರಾದರೂ ಬಂದರೆ ಕೆಮ್ಮುತ್ತಾನೆ.

ಆದರೆ ಸ್ಕೇಲ್ ಸಿಸ್ಟರಿಗೆ ವಾಸನೆ ಹತ್ತಿದೆ. ಮೊನ್ನೆ ಅವನ ಮಂಚದ ಹತ್ತಿರ ಬಗ್ಗಿ, ಮೂಗರಳಿಸಿ, ಸುತ್ತ ನೋಡಿ, ಏನೂ ಕೇಳದೆ ಮುಂದೆ ಹೋದರು. ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಕೇಳದೆ ಹೋಗುವವರನ್ನು ಕಂಡರೆ ನನಗೆ ಹೆದರಿಕೆ.

ನಿನ್ನೆ ಅವರು ಕೈ ತೊಳೆಯಲು ಹೋದಾಗ ಪುಸ್ತಕ ತೆರೆದು ನೋಡಿದೆ. ಹೆಸರುಗಳಿಲ್ಲ, ಮಂಚದ ನಂಬರು, ಅದರ ಮುಂದೆ ಚುಕ್ಕೆಗಳು. ಎಡಸಾಲಿನಲ್ಲಿ ಹೆಚ್ಚಿನವು ಖಾಲಿ. ಕೆಂಪು ಚುಕ್ಕೆ ಇರುವುದು ಒಂಬತ್ತಕ್ಕೆ ಮತ್ತು ಹನ್ನೊಂದಕ್ಕೆ. ನಾನು ತಿಕ್ಕಿದವಕ್ಕೇ! ನನ್ನನ್ನು ಸಿಕ್ಕಿಸಲು ಬೇಕೆಂದೇ ಹಾಕಿದ ಚುಕ್ಕೆಗಳಿರಬೇಕು. ನೀನು ಹೇಳಿದ್ದು ನಿಜ, ಇವರನ್ನು ನಂಬಬಾರದು.

ನಿನ್ನ ಬುಗುರಿ


ಜುಲೈ 14

ಬುಗುರಿ,

ಮಾಡಿದ್ದು ಸರಿ. ಇನ್ನೊಬ್ಬರ ಪುಸ್ತಕ ತೆರೆದದ್ದು ಸರಿಯಲ್ಲ.

ಇಲ್ಲಿ ಎಲ್ಲ ಚೆನ್ನಾಗಿದೆ. ಹೆಚ್ಚು ಬರೆಯಲು ಬಿಡುವಿಲ್ಲ, ದರ್ಜಿಯ ಹೆಂಡತಿ ತವರಿಗೆ ಹೋಗಿದ್ದಾಳೆ.

ಒಂದು ವಿಷಯ. ಆ ಹೆಂಗಸು ಸ್ಕೇಲಿನಿಂದ ಒತ್ತಿ ನೋಡುತ್ತಾಳೆ ಎಂದೆಯಲ್ಲ, ಒತ್ತಿದಾಗ ಕೆಂಪು ಹೋಗದಿದ್ದರೆ ಅದಕ್ಕೆ ಏನು ಹೇಳುತ್ತಾಳೆ? ಸುಮ್ಮನೆ ಕೇಳಿದೆ.

ಅಮ್ಮ


ಜುಲೈ 29

ಅಮ್ಮಾ,

ಡ್ರೈವರ್ ಮಾವನ ಸೊಂಟದ ಹುಣ್ಣು ಬಾಯಿ ಬಿಟ್ಟಿದೆ. ಅಜ್ಜನದು ಬಿಟ್ಟ ಹಾಗೇ, ಅಂಚು ನೇರಳೆ ಬಣ್ಣ.

ಸೋಮವಾರ ಸ್ಕೇಲ್ ಸಿಸ್ಟರ್ ನಮ್ಮೆಲ್ಲರನ್ನೂ ಬಟ್ಟೆ ಕೋಣೆಗೆ ಕರೆದರು. ಇನ್‌ಚಾರ್ಜ್ ಸಿಸ್ಟರ್ ಬಾಗಿಲಿಗೆ ಒರಗಿ ನಿಂತಿದ್ದರು. ಸ್ಕೇಲ್ ಸಿಸ್ಟರ್ ನೀಲಿ ಪುಸ್ತಕವನ್ನು ಮೊದಲ ಸಲ ನಮ್ಮ ಮುಂದೆ ತೆರೆದರು. ಬಲಸಾಲಿನಲ್ಲಿ ಎಂಟು ಬೆನ್ನು ಕೆಟ್ಟಿವೆ, ಎಡಸಾಲಿನಲ್ಲಿ ನಾಲ್ಕು. ಆ ನಾಲ್ಕರಲ್ಲಿ ಮೂರು ಅಕ್ಕಪಕ್ಕದವು, ಒಂಬತ್ತು, ಹತ್ತು, ಹನ್ನೊಂದು. ಈ ಮೂರರ ಲೆಕ್ಕ ಮಾತ್ರ ನನಗೆ ಹತ್ತುತ್ತಿಲ್ಲ ಎಂದರು. ಹಳೇ ಆಯಾ ಸುಮ್ಮನಿರು ಎಂಬಂತೆ ನನ್ನ ಕಾಲು ತುಳಿದಳು. ಅವಳಿಗೂ ಗೊತ್ತಿತ್ತು ಎಂದು ನನಗೆ ಆಗಲೇ ತಿಳಿದದ್ದು.

ಮತ್ತೆ ಎಲ್ಲರ ಕಣ್ಣು. ಮತ್ತೆ ಹೂಂ ಎಂದೋ ಉಹೂಂ ಎಂದೋ ಸುಳ್ಳು ಹೇಳಿ ಪಾರಾಗಬಹುದಾದ ಜಾಗ. "ನಾನು ತಿಕ್ಕಿದೆ" ಎಂದೆ.

ಸ್ಕೇಲ್ ಸಿಸ್ಟರ್ ಉಳಿದವರನ್ನೆಲ್ಲ ಹೊರಗೆ ಕಳಿಸಿದರು. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ನಿಂತೆ. ಅವರು ಬೈಯಲಿಲ್ಲ. ಯಾವ ದಿನದಿಂದ, ಎಷ್ಟು ಹೊತ್ತು, ಎಲ್ಲೆಲ್ಲಿ ಎಂದು ಕೇಳಿ ಬರೆದುಕೊಂಡರು. ಅಜ್ಜನ ವಿಷಯವನ್ನೂ ಹೇಳಿದೆ, ಜೂನಿನಲ್ಲಿ ಇಲ್ಲ ಎಂದದ್ದು ಸುಳ್ಳು ಎಂದೆ. ತಿಕ್ಕಲು ಯಾರು ಹೇಳಿಕೊಟ್ಟರು ಎಂದು ಹೇಳಲಿಲ್ಲ. ಅವರೂ ಕೇಳಲಿಲ್ಲ.

ಆಮೇಲೆ ನನ್ನ ಮುಂಗೈ ಹಿಡಿದು ಸ್ಕೇಲಿನಿಂದ ಒತ್ತಿ ತೋರಿಸಿದರು. ನೀನು ಸುಮ್ಮನೆ ಕೇಳಿದ್ದಕ್ಕೆ ಉತ್ತರ ಇಲ್ಲಿದೆ. ಒತ್ತಿದಾಗ ಬೆಳ್ಳಗಾಗಿ ಬಿಟ್ಟಾಗ ಕೆಂಪಾದರೆ ರಕ್ತ ಓಡಾಡುತ್ತಿದೆ ಎಂದರ್ಥ. ಒತ್ತಿದರೂ ಕೆಂಪು ಹೋಗದಿದ್ದರೆ ಒಳಗೆ ಆಗಲೇ ಪೆಟ್ಟಾಗಿದೆ. ಪೆಟ್ಟಾದ ಕಡೆ ತಿಕ್ಕಿದರೆ ಒಳಗಿನ ಮಾಂಸ ಇನ್ನಷ್ಟು ಹರಿದುಹೋಗುತ್ತದೆ. ಅದರ ಮೇಲೆ ಸ್ಪಿರಿಟ್ ಹಾಕಿ ಚರ್ಮ ಒಣಗಿಸುವುದು ಬೇರೆ.

ನನಗೆ ಸಿಟ್ಟು ನೆತ್ತಿಗೇರಿತು. "ಇಷ್ಟು ಗೊತ್ತಿದ್ದೂ ಬಲಸಾಲಿನವರನ್ನ ಯಾಕೆ ತಿಕ್ಕಿಸಿದ್ರಿ?" ಎಂದೆ.

"ನಾನು ಬರೋಕೆ ಮುಂಚೆ ಎರಡೂ ಸಾಲು ತಿಕ್ಕಿಸ್ಕೊಳ್ತಿದ್ವು. ಒಂದು ಸಾಲನ್ನ ಬಿಡಿಸ್ಕೊಳ್ಳೋಕೇ ನನಗೆ ಒಂದು ವರ್ಷ ಹಿಡೀತು" ಎಂದರು.

ಬೇರೆ ಕಡೆ ಎಣಿಸಿ ಬರೆದದ್ದನ್ನೆಲ್ಲ ತಂದು ತೋರಿಸಿದ್ದರಂತೆ. ಆ ಊರಿನ ಬೆನ್ನು ಬೇರೆ, ನಮ್ಮೂರಿನ ಬೆನ್ನು ಬೇರೆ ಎಂದು ಮೇಲಿನವರು ಪಕ್ಕಕ್ಕೆ ತಳ್ಳಿದರಂತೆ. ಇಪ್ಪತ್ತನಾಲ್ಕು ಮಂಚದಿಂದ ಎಲ್ಲ ತೀರ್ಮಾನವಾಗುವುದಿಲ್ಲ, ಆದರೆ ಇಲ್ಲಿಯ ಬೆನ್ನೇ ಸಾಕ್ಷಿ ಹೇಳಿದರೆ ಇಲ್ಲಿಯವರು ಕಿವಿಗೊಟ್ಟಾರು ಎಂದರು. ಕೊನೆಗೆ ಪುಸ್ತಕ ಮುಚ್ಚಿ, ತಾವೂ ಹನ್ನೊಂದು ವರ್ಷ ತಿಕ್ಕಿದವರೇ, ಆಗ ಪಾಠದಲ್ಲೇ ಹಾಗೆ ಇತ್ತು ಎಂದರು. ಹನ್ನೊಂದು ವರ್ಷದಲ್ಲಿ ಎಷ್ಟು ಬೆನ್ನು ಎಂದು ನಾನು ಕೇಳಲಿಲ್ಲ. ಮುಖ ನೋಡಿದರೆ ಅದನ್ನೂ ಎಣಿಸಿಟ್ಟುಕೊಂಡಿದ್ದಾರೆ ಎನಿಸಿತು.

ಡ್ರೈವರ್ ಮಾವನಿಗೂ ಹೇಳಿದೆ, ಈ ಹುಣ್ಣಿಗೆ ನನ್ನ ಕೈಯೂ ಕಾರಣ ಎಂದು. "ನೀನು ಒಳ್ಳೇದಕ್ಕೇ ಮಾಡಿದ್ದು ಅಂತ ನನಗೆ ಗೊತ್ತು ಕಣಮ್ಮ. ಬೆನ್ನಿಗೆ ಗೊತ್ತಾಗ್ಲಿಲ್ಲ ನೋಡು" ಎಂದ. ಆಮೇಲೆ ನನ್ನೊಡನೆ ಮಾತಾಡಿಲ್ಲ.

ಈಗ ನಿನ್ನ ವಿಷಯ. ಜೂನಿನ ಪತ್ರಕ್ಕೆ ಯಾವ ವಾಸನೆಯೂ ಇರಲಿಲ್ಲ. ಜುಲೈನ ಪತ್ರ ಬಿಚ್ಚಿದರೆ ಸ್ಪಿರಿಟ್ ಘಾಟು, ಮಡಿಕೆಯಿಂದ ಪೌಡರ್ ಉದುರಿತು. ಬಿಡುವಿಲ್ಲ ಎಂದೆ. ಮೂರು ಸಲ ತಿಕ್ಕುವವಳಿಗೆ ಬಿಡುವಿಲ್ಲದಷ್ಟು ಕೆಲಸ ಇರುವುದಿಲ್ಲ. ಈಗ ದಿನಕ್ಕೆ ಎಷ್ಟು ಸಲ ತಿಕ್ಕುತ್ತಿದ್ದೀ? ದೊಡ್ಡಮ್ಮನ ಮೈಮೇಲೆ ಎಲ್ಲಿ ಕೆಂಪಾಗಿದೆ?

ನಿಲ್ಲಿಸು ಅಮ್ಮಾ.

ಬುಗುರಿ


ಆಗಸ್ಟ್ 8

ನಿನ್ನ ಪತ್ರ ಓದಿ ಎರಡು ದಿನ ಪೆನ್ನು ಮುಟ್ಟಲಿಲ್ಲ.

ಸುತ್ತಿ ಬಳಸಿ ಬರೆಯುವುದನ್ನು ಯಾವಾಗ ಕಲಿತೆ? ಅಜ್ಜನನ್ನು, ನಿನ್ನ ಸ್ವಂತ ಅಪ್ಪನನ್ನು, ನೀನೇ ಕೊಂದೆ ಎಂದು ಒಂದೇ ಸಾಲು ಬರೆಯಬಹುದಿತ್ತಲ್ಲ. ಇಪ್ಪತ್ತೇಳು ವರ್ಷದಲ್ಲಿ ಈ ಕೈ ಎಷ್ಟು ಬೆನ್ನುಗಳನ್ನು ಮುಟ್ಟಿದೆ ಎಂದು ಆ ಹೆಂಗಸಿನ ಪುಸ್ತಕದಲ್ಲಿ ಇದೆಯೇ? ವಾರ್ಡಿನಿಂದ ಮನೆಗೆ ಹೋಗುವಾಗ ಕೈ ಹಿಡಿದುಕೊಂಡು ಅತ್ತವರ ಲೆಕ್ಕ ಇದೆಯೇ? ಅವರೆಲ್ಲ ಸುಳ್ಳು, ಒಂದು ಪ್ಲಾಸ್ಟಿಕ್ ತುಂಡು ನಿಜ!

ಒಂಬತ್ತನೇ ಕ್ಲಾಸು ಮುಗಿಸಲಾರದವಳು ನನಗೆ ಪಾಠ ಹೇಳಲು ಬರಬೇಡ.

ದೊಡ್ಡಮ್ಮ ಚೆನ್ನಾಗಿದ್ದಾಳೆ. ನೀನು ಬರುವ ಅಗತ್ಯವಿಲ್ಲ.

ಅಮ್ಮ


ಆಗಸ್ಟ್ 17

ಅಮ್ಮಾ,

ನಾನು ಬರುತ್ತೇನೆ ಎಂದು ಬರೆದೇ ಇರಲಿಲ್ಲ. ಬರಬೇಡ ಎಂದು ನೀನಾಗಿಯೇ ಯಾಕೆ ಬರೆದೆ?

ಕ್ಲಾಸು ಮುಗಿಸಲಿಲ್ಲ, ನಿಜ. ಅದಕ್ಕೆ ನನಗೆ ನಾಚಿಕೆಯೂ ಇಲ್ಲ. ಇನ್‌ಚಾರ್ಜ್ ಸಿಸ್ಟರ್ ನನ್ನನ್ನು ಮಂಚಗಳಿಂದ ತೆಗೆದು ಬಟ್ಟೆ ಕೋಣೆಗೆ ಹಾಕಿದ್ದಾರೆ. ಹಗಲಿಡೀ ಚಾದರ ಮಡಿಸುತ್ತೇನೆ. ಸ್ಕೇಲ್ ಸಿಸ್ಟರ್ ನನ್ನ ಮೂರು ಮಂಚಗಳನ್ನು ಪುಸ್ತಕದಿಂದ ಹೊಡೆದುಹಾಕಲಿಲ್ಲ. ಗುಟ್ಟಾಗಿ ತಿಕ್ಕಲಾದವು ಎಂದು ಕಾರಣ ಸಮೇತ ಬೇರೆ ಸಾಲಿನಲ್ಲಿ ಬರೆದು ನನಗೇ ತೋರಿಸಿದರು. ತಪ್ಪನ್ನು ತಪ್ಪೆಂದೇ ಬರೆದಿಡುವ ಪುಸ್ತಕವನ್ನು ನಾನು ಶಾಲೆಯಲ್ಲಿ ನೋಡಿರಲಿಲ್ಲ.

ಅವರ ಮೇಲೆ ನನಗೆ ಈಗಲೂ ಪೂರ್ತಿ ನಂಬಿಕೆಯಿಲ್ಲ. ಹಾಗೆಂದು ಅವರಿಗೇ ಹೇಳಿದೆ. "ನಂಬಬೇಡ, ಒತ್ತಿ ನೋಡು" ಎಂದರು.

ಅದಕ್ಕೇ ಲಕೋಟೆಯಲ್ಲಿ ಸ್ಕೇಲಿನ ತುಂಡು ಇಟ್ಟಿದ್ದೇನೆ. ಅಂಚು ಉಜ್ಜಿದ್ದೇನೆ, ಚುಚ್ಚುವುದಿಲ್ಲ. ಕೆಂಪಗಿರುವ ಕಡೆ ಇಟ್ಟು ಒತ್ತು, ಮೂರು ಎಣಿಸು. ಏನು ಕಂಡಿತು ಎಂದು ನನಗೆ ಬರೆಯದಿದ್ದರೂ ಪರವಾಗಿಲ್ಲ.

ನಿನ್ನ ಬುಗುರಿ


ಆಗಸ್ಟ್ 28

ಬುಗುರಿ,

ಆ ತುಂಡನ್ನು ಕಸದ ಡಬ್ಬಿಗೆ ಹಾಕಲು ಹೋಗಿದ್ದೆ. ದೊಡ್ಡಮ್ಮ ಮಲಗಿದಲ್ಲಿಂದಲೇ ಅದೇನೇ ಅದು, ಯಾರು ಕಳಿಸಿದ್ದು ಎಂದು ಶುರು ಮಾಡಿದಳು. ಬುಗುರಿ ಕಳಿಸಿದ್ದು, ಬೆನ್ನಿಗೆ ಒತ್ತಿ ನೋಡಬೇಕಂತೆ ಎಂದೆ. "ಆ ಹುಡುಗಿ ಸುಳ್ಳು ಹೇಳಲ್ಲ. ನೋಡು ಮತ್ತೆ, ನಿನ್ನ ಗಂಟೇನು ಹೋಗುತ್ತೆ?" ಎಂದಳು.

ಒತ್ತಿದೆ. ಮೂರು ಎಣಿಸಿದೆ. ಬಾಲಮೂಳೆಯ ಮೇಲಿನದು ಬೆಳ್ಳಗಾಗಲಿಲ್ಲ. ಎಡ ಹಿಮ್ಮಡಿಯದೂ ಆಗಲಿಲ್ಲ. ಚರ್ಮ ಇನ್ನೂ ಒಡೆದಿಲ್ಲ. ನಿನ್ನ ದೊಡ್ಡಮ್ಮ "ಏನಾಯ್ತೇ?" ಎಂದು ಕೇಳುತ್ತಲೇ ಇದ್ದಳು. ನಾನು ಅವಳಿಗೆ ಬೆನ್ನು ಹಾಕಿ ಕಿಟಕಿ ಮುಚ್ಚುವವಳ ಹಾಗೆ ನಿಂತೆ.

ಕೆಂಪು ಮೊದಲು ಕಂಡದ್ದು ಜುಲೈ ಹತ್ತಕ್ಕೆ. ಅವತ್ತಿನಿಂದ ಮೂರು ಸಲದ್ದು ಆರು ಸಲವಾಯಿತು. ನೀನು ಹೇಗೋ ಹಾಗೇ ನಾನೂ.

ನಿನ್ನ ಮೊದಲ ಪತ್ರಕ್ಕೆ ಈಗ ಉತ್ತರ ಬರೆಯುತ್ತೇನೆ. ಅವತ್ತು ನೆಂಟರೆಲ್ಲ ಹೋದ ಮೇಲೆ ಕಿಟಕಿಯ ಮೇಲಿದ್ದ ಬಾಟಲಿ ಎತ್ತಿ ನೋಡಿದೆ. ತಿಂಗಳಿಗೆ ಬರಬೇಕಾದ ಸ್ಪಿರಿಟ್ ಹತ್ತೇ ದಿನಕ್ಕೆ ತಳ ಕಂಡಿತ್ತು. ತಿಕ್ಕದವಳ ಕೈಯಲ್ಲಿ ಬಾಟಲಿ ಖಾಲಿಯಾಗುವುದಿಲ್ಲ. ನೀನು ಹೂಂ ಎಂದದ್ದು ಸುಳ್ಳು ಎಂದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಆ ಹೂಂ ಅನ್ನು ಇಟ್ಟುಕೊಂಡೆ. ಮಾರನೆಯ ದಿನ ಹೊಸ ಬಾಟಲಿ ತಂದು ಅದೇ ಜಾಗದಲ್ಲಿಟ್ಟೆ. ಯಾರೂ ನೋಡಲಿಲ್ಲ. ನಾಲ್ಕು ವರ್ಷ ನಿನ್ನನ್ನು ಸೋಮಾರಿ ಎಂದು ಊರೆಲ್ಲ ಹೇಳಿಕೊಂಡು ಬಂದೆ.

ದರ್ಜಿಯ ಹೆಂಡತಿ ಇನ್ನೂ ಬಂದಿಲ್ಲ. ದೊಡ್ಡಮ್ಮ ಭಾರ. ಒಬ್ಬಳೇ ತಿರುಗಿಸಲು ಹೋದರೆ ಎಳೆದ ಹಾಗಾಗುತ್ತದೆ.

ಅಮ್ಮ


ಸೆಪ್ಟೆಂಬರ್ 2

ಅಮ್ಮಾ,

ನಿನ್ನ ಪತ್ರ ಇವತ್ತು ಬೆಳಿಗ್ಗೆ ಬಂತು. ಅದಕ್ಕೆ ಸ್ಪಿರಿಟ್ ವಾಸನೆ ಇರಲಿಲ್ಲ. ಆದರೂ ಮೂಗಿಗೆ ಹಿಡಿದು ನೋಡಿದೆ, ಮುಚ್ಚಿಡುವುದಿಲ್ಲ.

ಬಾಟಲಿಯ ವಿಷಯ ಓದಿ ಚಾದರದ ರಾಶಿಯ ಮೇಲೆ ಕೂತೆ. ಕೂತವಳು ಸುಮಾರು ಹೊತ್ತು ಏಳಲಿಲ್ಲ. ಹಳೇ ಆಯಾ ಬಂದು ಬುಗುರಿ ನಿಂತುಬಿಟ್ಟಿತಲ್ಲ ಎಂದು ನಕ್ಕಳು. ನಿನ್ನ ಮೇಲೆ ಸಿಟ್ಟಿದೆ. ಎಷ್ಟಿದೆ ಎಂದು ಇನ್ನೂ ನೋಡಿಲ್ಲ. ಇದನ್ನು ಎದುರಿಗೆ ಹೇಳಲಾರೆ, ಈ ಪತ್ರ ನಿನ್ನ ಕೈ ಸೇರುವಷ್ಟರಲ್ಲಿ ನಾನು ಅಲ್ಲೇ ಇರುತ್ತೇನೆ, ಆದರೂ ಬರೆದು ಅಂಚೆಗೆ ಹಾಕುತ್ತಿದ್ದೇನೆ.

ರಜೆ ಕೇಳಿದೆ. ಇನ್‌ಚಾರ್ಜ್ ಸಿಸ್ಟರ್ ತಲೆಯೆತ್ತದೆ ಸಹಿ ಹಾಕಿದರು. ಬಲಸಾಲಿನಲ್ಲೂ ತಿಕ್ಕುವುದನ್ನು ನಿಲ್ಲಿಸಿದ್ದಾರೆ, ಪೌಡರ್ ಡಬ್ಬಿಗಳೆಲ್ಲ ಬಟ್ಟೆ ಕೋಣೆಗೆ ಬಂದಿವೆ. ಎಣಿಸಿದೆ, ಒಂದು ಕಡಿಮೆ ಇದೆ. ಹಳೇ ಆಯಾಳ ಜೇಬಿನಲ್ಲಿದೆ ಎಂದು ನನ್ನ ಅನುಮಾನ. ಅದನ್ನು ಸ್ಕೇಲ್ ಸಿಸ್ಟರಿಗೆ ಹೇಳಿದ್ದೇನೆ, ಅವಳಿಗೂ ಹೇಳಿಯೇ ಹೇಳಿದ್ದು. ಡ್ರೈವರ್ ಮಾವನ ಹುಣ್ಣು ಸ್ಕೇಲಿನ ಎರಡು ಗೆರೆಯಷ್ಟು ಚಿಕ್ಕದಾಗಿದೆ. ನಾನು ಊರಿಗೆ ಹೋಗುತ್ತಿದ್ದೇನೆ ಎಂದರೆ ತಿರುಗಿ ನೋಡದೆ ಒಂದು ಸಲ ಕೆಮ್ಮಿದ.

ಸ್ಕೇಲ್ ಸಿಸ್ಟರ್ ಮಧ್ಯಾಹ್ನ ಒಂದು ಗಂಟೆ ಹೊತ್ತು ಕಲಿಸಿದರು. ಪೂರ್ತಿ ಮಗ್ಗುಲಿಗೆ ಹಾಕದೆ, ಬೆನ್ನ ಹಿಂದೆ ದಿಂಬು ಕೊಟ್ಟು ಸ್ವಲ್ಪವೇ ವಾಲಿಸಬೇಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ನೋಡಿಕೊಳ್ಳಬೇಕು. ಎಳೆಯಬಾರದು, ಚಾದರದ ಸಮೇತ ಇಬ್ಬರು ಎತ್ತಬೇಕು. ಅವರನ್ನೇ ಮಂಚದ ಮೇಲೆ ಮಲಗಿಸಿ ಮೂರು ಸಲ ಮಾಡಿ ತೋರಿಸಿದೆ. ಎರಡು ಗಂಟೆಗೊಮ್ಮೆ ಏಳಬೇಕಾಗುತ್ತದೆ, ಆಗುತ್ತದೆಯೇ ಎಂದು ಕೇಳಿದರು. ಕೂತಲ್ಲಿ ಕೂರಲಾರದೆ ಶಾಲೆ ಬಿಟ್ಟವಳು ನಾನು ಎಂದೆ. "ಹಾಗಾದ್ರೆ ಇದು ನಿನ್ನ ಕೆಲಸವೇ" ಎಂದು, ಒಂದು ಖಾಲಿ ನೀಲಿ ಪುಸ್ತಕ ಕೊಟ್ಟರು. ಮೊದಲ ಹಾಳೆಯಲ್ಲಿ ದೊಡ್ಡಮ್ಮನ ಮಂಚಕ್ಕೆ ಒಂದು ಎಂದು ನಂಬರು ಹಾಕಿದ್ದೇನೆ.

ಸಂಜೆ ಫೋನ್ ಮಾಡಿದಾಗ ನಾನು ಹೆಚ್ಚು ಮಾತಾಡಲಿಲ್ಲ, ದೊಡ್ಡಮ್ಮ ಕೇಳಿಸಿಕೊಳ್ಳುತ್ತಿದ್ದಳು. ತಿಕ್ಕಬೇಡ ಎಂದಷ್ಟೇ ಹೇಳಿದೆ. ನೀನು "ಹೂಂ" ಎಂದೆ.

ನಮ್ಮ ಮನೆಯ ಹೂಂ ಎಂಥದು ಎಂದು ನಮ್ಮಿಬ್ಬರಿಗೂ ಗೊತ್ತು.

ನಾಳೆ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಡುತ್ತೇನೆ.

ನಿನ್ನ ಬುಗುರಿ